ರೇಡಿಯೋ ಪಾಠದ ಸೆರಗು

ಗಣಿತ ಕಲಿಸುವ ಮಾಸ್ತರನಿಗೆ ಹೆಣ್ಣು ಕೊಡುವ ಮೊದಲು ಹಿರಿಯರು ಎರಡು ಸಲ ಯೋಚಿಸಬೇಕು ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ. ಸಂಬಳ ಕಡಿಮೆ ಎಂದಲ್ಲ. ಅದು ಎಲ್ಲ ಮಾಸ್ತರರಿಗೂ ಕಡಿಮೆಯೇ. ಕಾರಣ ಬೇರೆ. ಈ ಮನುಷ್ಯ ಯಾವುದನ್ನೂ ಸುಮ್ಮನೆ ನೋಡಲಾರ. ಬಿಸಿ ರೊಟ್ಟಿ ತಾಟಿಗೆ ಬಿದ್ದರೆ ಅದು ಎಲ್ಲ ಕಡೆಗೂ ಸಮನಾಗಿ ಗುಂಡಗಿದೆಯೋ ಇಲ್ಲವೋ ಎಂದು ತಿರುಗಿಸಿ ನೋಡುತ್ತಾನೆಯೇ ಹೊರತು ಆರುವ ಮೊದಲು ತಿನ್ನುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು, ಮನೆಯ ಚಹಾ ಯಾವ ದಿನ ರುಚಿಯಾಗುತ್ತದೆ, ಯಾವ ದಿನ ಸಪ್ಪಗಾಗುತ್ತದೆ ಎಂದು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದೆ. ಕೆಲವು ದಿನಗಳ ಮೇಲೆ ಗೆರೆಯನ್ನು ದಿಟ್ಟಿಸಿ ನೋಡಿ, ನಾನು ಹೆಂಡತಿಯ ತವರಿನ ಸುದ್ದಿ ಎತ್ತಿದ ಮರುದಿನವೇ ಚಹಾ ಸಪ್ಪಗಾಗುತ್ತದೆ ಎಂದು ಕಂಡುಹಿಡಿದೆ. ದೊಡ್ಡ ಶೋಧ ಮಾಡಿದವನ ಠೀವಿಯಲ್ಲಿ ಇದನ್ನು ನಮ್ಮಾಕೆ ಸುಶೀಲೆಗೆ ವಿವರಿಸಿದೆ. ಮರುದಿನ ಚಹಾವೇ ಇರಲಿಲ್ಲ. ಗೋಡೆಗೆ ಹೊಸ ಸುಣ್ಣ ಬಳಿದಾಗಿತ್ತು.

ಇಂಥ ನನ್ನ ಕೈಗೆ ಸರ್ಕಾರ ಒಂದು ರೇಡಿಯೋ ಕೊಟ್ಟಿತು. ನಾನಾಗ ಬನಹಟ್ಟಿಯ ಒಂದು ಶಾಲೆಯಲ್ಲಿದ್ದೆ. ಆ ಊರಿನಲ್ಲಿ ಮಗ್ಗದ ಸಪ್ಪಳ ಇಲ್ಲದ ಜಾಗ ಹುಡುಕುವುದು ಕಷ್ಟ. ಸ್ವಲ್ಪ ಕಡಿಮೆ ಇದ್ದ ಜಾಗ ನೋಡಿ ಹಿರಿಯರು ಶಾಲೆ ಕಟ್ಟಿಸಿದ್ದರು. ನಮ್ಮ ಮಕ್ಕಳು ಬೆಳಿಗ್ಗೆ ಎದ್ದು ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಿ, ಮೈತುಂಬ ಹತ್ತಿಯ ನವಿರು ಹಚ್ಚಿಕೊಂಡು ಬರುತ್ತಿದ್ದರು. ರೇಡಿಯೋ ಬಂದ ದಿನ ಹೆಡ್ ಮಾಸ್ತರ್ ಮುರಿಗೆಪ್ಪನವರು ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆಸಿ, ಕೀಲಿ ಇರುವ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂಡಿಸಿದರು. ಕೀಲಿಕೈಯನ್ನು ತಮ್ಮ ಉಡದಾರಕ್ಕೆ ಕಟ್ಟಿಕೊಂಡರು. ಅವರ ತಮ್ಮಂದಿರದು ಮುಧೋಳದ ಕಡೆಗೆ ಕಬ್ಬಿನ ಹೊಲ. ಸಂಜೆ ಶಾಲೆ ಬಿಟ್ಟ ಮೇಲೆ ಬೆಲ್ಲದ ಧಾರಣಿ ಕೇಳಲು ಪೆಟ್ಟಿಗೆ ತೆರೆಯುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಧಾರಣಿಯ ಹಿಂದೆಯೇ ವಚನ, ವಚನದ ಹಿಂದೆಯೇ ನಾಟಕ. ಅಷ್ಟರಲ್ಲಿ ರೇಡಿಯೋದ ಸೆಲ್ಲು ಮುರಿಗೆಪ್ಪನವರಷ್ಟೇ ದಣಿದಿರುತ್ತಿತ್ತು.

ವಾರದಲ್ಲಿ ಎರಡು ದಿನ ಏಳನೆಯ ಇಯತ್ತೆಯ ಮಕ್ಕಳಿಗೆ ರೇಡಿಯೋದಲ್ಲಿ ಪಾಠ ಬರುತ್ತಿತ್ತು. ಆದರೆ ಪೆಟ್ಟಿಗೆಯ ಜೊತೆಗೆ ಒಂದು ಕರಾರೂ ಬಂದಿತ್ತು. ಜಮಖಂಡಿಯಿಂದ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಅದನ್ನು ನಮಗೆ ಬಾಯಿಪಾಠ ಮಾಡಿಸಿ ಹೋದರು. ರೇಡಿಯೋದಿಂದ ಮಕ್ಕಳು ಏನಾದರೂ ಕಲಿತರು ಎಂಬುದಕ್ಕೆ ವರ್ಷದ ಕೊನೆಗೆ ಕಣ್ಣಿಗೆ ಕಾಣುವಂಥ ಆಧಾರ ತೋರಿಸಬೇಕು. ಇಲ್ಲದಿದ್ದರೆ ರೇಡಿಯೋ ಬೀಳಗಿ ಕಡೆಯ ಇನ್ನೊಂದು ಶಾಲೆಗೆ ಹೋಗುತ್ತದೆ. ‘ಛಲೋ ಆಗೇತ್ರಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ ಎಂದೂ ಹೇಳಿದ್ದರು. ಮುರಿಗೆಪ್ಪನವರು ಬೆಲ್ಲದ ಧಾರಣಿ ಕೈತಪ್ಪುತ್ತದೆಂದು ಕಂಗಾಲಾದರು. ನಾನು ಮಾತ್ರ ಒಳಗೊಳಗೇ ಹಿಗ್ಗಿದೆ. ಅಳೆಯಿರಿ ಎಂದು ಸರ್ಕಾರವೇ ಅಪ್ಪಣೆ ಮಾಡಿದಾಗ ನನ್ನಂಥವನಿಗೆ ಇನ್ನೇನು ಬೇಕು? ಕುಣಿಯುವವನ ಕಾಲಿಗೆ ಗೆಜ್ಜೆ ಕಟ್ಟಿದಂತಾಯಿತು.

ಒಂದು ದೊಡ್ಡ ಹಲಗೆ ತಂದೆ. ಎಡದಿಂದ ಬಲಕ್ಕೆ ಪಾಠಗಳ ಮನೆ, ಕೆಳಗಿನಿಂದ ಮೇಲಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಪ್ರತಿ ಪಾಠ ಮುಗಿದ ಮೇಲೆ ಹತ್ತು ಪ್ರಶ್ನೆ ಕೇಳುವುದು. ಕಾಗದ ಉಳಿಯಲಿ ಎಂದು ಒಂದು ಸಾಲಿನ ಮಕ್ಕಳೆಲ್ಲ ಸೇರಿ ಒಂದೇ ಚೀಟಿಯಲ್ಲಿ ಉತ್ತರ ಬರೆಯುವುದು. ಎಷ್ಟು ಸರಿಯೋ ಅಷ್ಟು ಎತ್ತರಕ್ಕೆ ಒಂದು ಮೊಳೆ ಹೊಡೆದು, ಆ ಸಾಲಿನ ನೂಲನ್ನು ಹಿಂದಿನ ಮೊಳೆಯಿಂದ ಈ ಮೊಳೆಗೆ ಎಳೆದು ಸುತ್ತುವುದು. ಒಂದೊಂದು ಸಾಲಿಗೆ ಒಂದೊಂದು ಬಣ್ಣ. ನೂಲಿಗೆ ನಮ್ಮೂರಿನಲ್ಲಿ ಬರವೇ? ಕೇಳಿದ್ದೇ ತಡ ಮಕ್ಕಳು ಮನೆಯಿಂದ ಕೆಂಪು, ಬಿಳಿ, ಹಳದಿ, ಹಸಿರು ಎಂದು ಜೇಬುಗಟ್ಟಲೆ ತಂದರು. ಮೊಳೆ ಹೊಡೆಯುವುದು ನಾನು, ನೂಲು ಸುತ್ತುವುದು ಕಿಟಕಿ ಸಾಲಿನ ಮಾದೇವಿ. ನಾನು ಸುತ್ತಿದರೆ ಎಳೆ ಸಡಿಲಾಗುತ್ತದೆ ಎಂದು ಆ ಹುಡುಗಿ ಮೊದಲ ದಿನವೇ ನನ್ನ ಕೈಯಿಂದ ಅದನ್ನು ಕಸಿದುಕೊಂಡಿದ್ದಳು. ನೇಕಾರರ ಮನೆಯ ಮಗಳು. ಸಡಿಲು ಎಳೆ ಕಂಡರೆ ಅವಳಿಗೆ ಹಲ್ಲುನೋವು ಬರುತ್ತಿತ್ತೋ ಏನೋ.

ಮೊದಮೊದಲು ಎಲ್ಲ ನೂಲೂ ನೆಲ ಹಿಡಿದು ತೆವಳಿದವು. ನಾನು ಧೈರ್ಯಗೆಡದೆ ಚೀಟಿಗಳನ್ನು ಮುಂದಿಟ್ಟುಕೊಂಡು ಕುಳಿತೆ. ಎಲ್ಲ ಸಾಲಿನವರೂ ತಪ್ಪಿದ್ದು ಪಾಠದ ಆರಂಭದ ಪ್ರಶ್ನೆಗಳನ್ನು. ಯಾಕೆಂದು ಮಕ್ಕಳ ನಡುವೆ ಕುಳಿತು ನೋಡಿದೆ. ರೇಡಿಯೋ ಹಚ್ಚಿದ ಕೂಡಲೇ ಅವರೆಲ್ಲ, ಅಷ್ಟು ಸಣ್ಣ ಪೆಟ್ಟಿಗೆಯೊಳಗೆ ಅಷ್ಟು ದೊಡ್ಡ ದನಿಯ ಬಾಯಿ ಎಲ್ಲಿ ಕೂತಿದೆ ಎಂದು ಹುಡುಕುತ್ತಿದ್ದರು. ಪಾಠ ಅರ್ಧ ದಾರಿಗೆ ಬಂದಾಗಲೇ ಕಿವಿ ತೆರೆಯುತ್ತಿದ್ದದ್ದು. ಅಂದಿನಿಂದ ಪಾಠಕ್ಕೆ ಮುಂಚೆ ಸ್ವಲ್ಪ ಹೊತ್ತು ಹಾಡು ಕೇಳಿಸಿ ಅವರ ಹುಡುಕಾಟ ಮುಗಿಸಿದೆ. ರೇಡಿಯೋದಲ್ಲಿ ಪಾಠ ಹೇಳುವ ಅಕ್ಕ ಪುಸ್ತಕದಲ್ಲಿ ಇದ್ದ ಹಾಗೆ, ಒಂದಕ್ಷರ ನುಂಗದೆ ಮಾತಾಡುತ್ತಿದ್ದಳು. ಅವಳ ಕಠಿಣ ಮಾತುಗಳನ್ನು ಮೊದಲೇ ಕರಿಹಲಗೆಯ ಮೇಲೆ ಬರೆದು ಅರ್ಥ ಹೇಳಿದೆ. ಕಿಟಕಿ ಸಾಲಿನ ನೂಲು ಯಾವಾಗಲೂ ಹಿಂದುಳಿಯುತ್ತಿತ್ತು. ಕಿಟಕಿಯ ಆಚೆಗೇ ಮಗ್ಗದ ಮನೆ, ಅವರಿಗೆ ಪಾಠಕ್ಕಿಂತ ಲಾಳಿಯ ಸಪ್ಪಳವೇ ಹೆಚ್ಚು ಕೇಳುತ್ತದೆ ಎಂದು ಆಮೇಲೆ ಹೊಳೆಯಿತು. ಪೆಟ್ಟಿಗೆಯನ್ನು ಅವರ ಮಗ್ಗುಲಿಗೇ ಸರಿಸಿದೆ. ನೂಲುಗಳು ಏರತೊಡಗಿದವು. ಏರಿ ಏರಿ ಒಂದು ದಿನ ಎಲ್ಲವೂ ಹತ್ತರ ಗೆರೆಯ ಮೇಲೆ ಹೋಗಿ ನಿಂತವು. ಮರುಪಾಠದಲ್ಲೂ ಅಲ್ಲೇ, ಅದರ ಮರುಪಾಠದಲ್ಲೂ ಅಲ್ಲೇ. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಮನೆಯಲ್ಲಿ ಸುಶೀಲೆಗೆ, ಲೆಕ್ಕ ಎಂದರೆ ಬರೀ ಚಹಾಕ್ಕಲ್ಲ ಎಂದು ಚುಚ್ಚಿಯೂ ಬಿಟ್ಟೆ.

ನಗೆ ಹೋಗಿ ಹೊಗೆಯಾಯಿತು. ಆಮೇಲೆ ಏನಾಯಿತೋ, ನೂಲುಗಳು ಇಳಿಯತೊಡಗಿದವು. ಇಳಿದವು ಎಂದರೆ ಸೋತು ಬಿದ್ದವು ಎಂದಲ್ಲ. ಕೆಂಪು ಇಳಿದರೆ ಬಿಳಿ ಏರುತ್ತಿತ್ತು, ಬಿಳಿ ಇಳಿದರೆ ಕೆಂಪು ಏರುತ್ತಿತ್ತು. ಹಳದಿ, ಹಸಿರುಗಳು ನಡುವೆ ಸಣ್ಣಗೆ ಕುಣಿಯುತ್ತಿದ್ದವು. ಇದರಲ್ಲಿ ಏನೋ ಒಂದು ನಿಯಮ ಇದೆ ಎಂದು ನನ್ನ ಗಣಿತದ ಮೂಗಿಗೆ ವಾಸನೆ ಬಂತು. ಸಂತೆಯ ದಿನದ ಲೆಕ್ಕ ಹಾಕಿದೆ, ತಾಳೆಯಾಗಲಿಲ್ಲ. ಅಮಾವಾಸ್ಯೆ ಹುಣ್ಣಿಮೆ ನೋಡಿದೆ. ಊರ ನಲ್ಲಿಗೆ ನೀರು ಬಂದ ದಿನ, ಬಾರದ ದಿನ ನೋಡಿದೆ. ಕೊನೆಗೆ ಮಕ್ಕಳ ಮನೆಮನೆಗೆ ಹೋಗಿ, ಪಾಠದ ದಿನ ಬೆಳಿಗ್ಗೆ ಏನು ತಿಂದಿದ್ದರು ಎಂದು ವಿಚಾರಿಸಿದೆ. ಮಾಸ್ತರು ಮನೆಗೆ ಬಂದು ಮಗ ಏನು ತಿಂದ ಎಂದು ಕೇಳಿದರೆ ತಾಯಂದಿರು ಏನು ತಿಳಿಯಬೇಕು? ಒಬ್ಬಾಕೆ ನಾನು ಹಸಿದು ಬಂದಿದ್ದೇನೆಂದು ತಾಟು ಹಾಕಿಯೇ ಬಿಟ್ಟಳು. ಶೇಂಗಾ ಚಟ್ನಿ ತಿಂದು ಬಂದ ದಿನ ಅಂಕ ಹೆಚ್ಚುತ್ತದೆ ಎಂದು ನನಗೆ ತೋರಿತು. ಅದನ್ನು ಬಾಯಿತಪ್ಪಿ ಮುರಿಗೆಪ್ಪನವರ ಮುಂದೆ ಆಡಿದೆ, ಅವರು ಊರ ಮುಂದೆ ಆಡಿದರು. ಮರುವಾರದಿಂದ ರೇಡಿಯೋ ಪಾಠದ ಹೊತ್ತಿಗೆ ಇಡೀ ತರಗತಿ ಬೆಳ್ಳುಳ್ಳಿ ನಾರತೊಡಗಿತು. ನೂಲು ಮಾತ್ರ ತನ್ನ ಪಾಡಿಗೆ ಏರುತ್ತ ಇಳಿಯುತ್ತಲೇ ಇತ್ತು.

ಸಾಹೇಬರು ಬರುವ ದಿನ ಹತ್ತಿರ ಬಂತು. ನಿಜ ಹೇಳುತ್ತೇನೆ, ಆಗ ನನಗೆ ನನ್ನ ಹಲಗೆಯ ಚಿಂತೆಗಿಂತ ಮಕ್ಕಳ ಚಿಂತೆ ಹೆಚ್ಚಾಯಿತು. ರೇಡಿಯೋ ಪಾಠದ ದಿನ ಜ್ವರ ಬಂದವರೂ ಕಂಬಳಿ ಹೊದ್ದು ಬಂದು ಕೂಡುತ್ತಿದ್ದರು. ಮಗ್ಗದ ಗುಂಡಿಯಿಂದ ಶಾಲೆಗೆ, ಶಾಲೆಯಿಂದ ಮಗ್ಗದ ಗುಂಡಿಗೆ ಓಡಾಡುವ ಆ ಮಕ್ಕಳಿಗೆ ಹಡಗು, ಹಿಮ, ರೈಲುಗಳೆಲ್ಲ ಆ ಪೆಟ್ಟಿಗೆಯಿಂದಲೇ ಬಂದಿದ್ದವು. ಇಂಥ ಕುಣಿಯುವ ಗೆರೆಗಳನ್ನು ನೋಡಿ ಸಾಹೇಬರು ಅದನ್ನು ಹೊತ್ತುಕೊಂಡು ಹೋದರೆ ಇವರ ಮುಖ ಹೇಗೆ ನೋಡುವುದು? ಹಿಂದಿನ ದಿನ ಹಲಗೆಯ ಧೂಳು ಒರೆಸಿ ತರೋಣವೆಂದು ಅದನ್ನು ಮನೆಗೆ ಹೊತ್ತು ತಂದೆ. ಸುಶೀಲೆ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಗೋಡೆಗೆ ಒರಗಿಸಿದ ಹಲಗೆಯನ್ನು ಅವಳು ತಲೆ ಓರೆ ಮಾಡಿ ನೋಡಿದಳು. ಕೈಯಲ್ಲಿದ್ದ ಮೊರ ಕೆಳಗಿಟ್ಟು ಎದ್ದು ಬಂದು ಮತ್ತೆ ನೋಡಿದಳು.

“ಸೆರಗಿನ ತೆನಿ ಭಾಳ ಛಂದ ಬಂದೈತ್ರಿ. ಯಾರ್ ಹಾಕ್ಯಾರ?” ಎಂದಳು.

ಸೀರೆಯ ಸೆರಗಿನಲ್ಲಿ ಕೆಂಪು ಬಿಳಿ ಎಳೆಗಳು ಜೋಳದ ತೆನೆಯ ಹಾಗೆ ಮೊನೆ ಮೊನೆಯಾಗಿ ಏರಿಳಿಯುವ ಕಸೂತಿಯಂಥ ನೇಯ್ಗೆಗೆ ನಮ್ಮ ಕಡೆ ತೆನಿ ಎನ್ನುತ್ತಾರೆ. ಇದು ಸೆರಗಲ್ಲ, ಏಳನೆಯ ಇಯತ್ತೆಯ ಜ್ಞಾನದ ಏರಿಳಿತ ಎಂದು ನಾನು ಸಿಟ್ಟಿನಿಂದ ಹೇಳಿದೆ. ಅವಳು ವಾದ ಮಾಡಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ತನ್ನ ಮದುವೆಯ ಸೀರೆ ತಂದು ಸೆರಗನ್ನು ಹಲಗೆಯ ಪಕ್ಕಕ್ಕೆ ಹಿಡಿದಳು. ಜ್ಞಾನ ಅಲ್ಲಿ ಅಂಗುಲ ಅಂಗುಲಕ್ಕೂ ಸೀರೆಯಂತೆಯೇ ಏರುತ್ತಿತ್ತು, ಸೀರೆಯಂತೆಯೇ ಇಳಿಯುತ್ತಿತ್ತು. ಸುಶೀಲೆ ಬೆರಳಿನಿಂದ ಒಂದು ಕಡೆ ತೋರಿಸಿ, ಇಲ್ಲೊಂದು ತೆನಿ ಮಾತ್ರ ಬಿದ್ದಿದೆ, ಯಾರೋ ಲಕ್ಷ್ಯ ಕೊಟ್ಟಿಲ್ಲ ಎಂದಳು. ಅಲ್ಲಿ ಎಲ್ಲ ಬಣ್ಣದ ನೂಲುಗಳೂ ಒಟ್ಟಿಗೆ ಕೆಳಗೆ ಕುಸಿದಿದ್ದವು. ಆ ದಿನಕ್ಕೆ ನಾನು ಸಾಹೇಬರಿಗೆ ಕೊಡುವ ವರದಿಯಲ್ಲಿ ‘ಸೆಲ್ಲಿನ ದೋಷ’ ಎಂದು ಕಾರಣ ಬರೆದಿದ್ದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದದ್ದೇ ಹಲಗೆಯನ್ನು ತರಗತಿಯಲ್ಲಿ ನಿಲ್ಲಿಸಿ, ಇದೇನೆಂದು ಕೇಳಿದೆ. ಎಲ್ಲರೂ ಮಾದೇವಿಯ ಕಡೆಗೆ ನೋಡಿದರು. ಅವಳು ಎದ್ದು ನಿಂತಳು. ಮುಖದಲ್ಲಿ ಹೆದರಿಕೆ ಇತ್ತು, ಆದರೆ ತಪ್ಪು ಮಾಡಿದೆ ಎಂಬ ಕಳೆ ಇರಲಿಲ್ಲ.

“ಎಲ್ಲಾ ಸಾಲಿನವರೂ ಹತ್ತಕ್ಕ ಹತ್ತು ತಗದ್ರ ನೂಲು ಬರೇ ಒಂದ ಗೆರಿ ಆಗಿ ನಿಲ್ಲತಾವ್ರಿ ಸರ್. ನೋಡಾಕ ಏನೂ ಛಂದ ಕಾಣ್ಸೂದಿಲ್ರಿ. ಅದಕ್ಕ ತೆನಿ ಹಾಕಿದ್ವಿರಿ.”

ಒಂದೊಂದು ಪಾಠಕ್ಕೆ ಯಾವ ಸಾಲು ಎಷ್ಟು ತಪ್ಪಬೇಕು ಎಂದು ಅವಳು ಮೊದಲೇ ಗೊತ್ತುಮಾಡಿ ಬೆರಳಿನಲ್ಲಿ ಸನ್ನೆ ಮಾಡುತ್ತಿದ್ದಳಂತೆ. ಬೇಕೆಂದೇ ತಪ್ಪು ಬರೆದಿರಾ ಎಂದು ಗುಡುಗಿದೆ. ಹಿಂದಿನ ಸಾಲಿನ ಒಬ್ಬ ಹುಡುಗ, ತಪ್ಪು ಬರೆಯುವುದೇ ಹೆಚ್ಚು ಕಷ್ಟದ ಕೆಲಸ ಎಂದು ಗೊಣಗಿದ. ಉತ್ತರ ಗೊತ್ತಿಲ್ಲದಿದ್ದರೆ ಅಚಾನಕ್ಕಾಗಿ ಸರಿಯಾಗಿಬಿಡುವ ಅಪಾಯ ಇರುತ್ತದಂತೆ. ಆದ್ದರಿಂದ ಹತ್ತೂ ಉತ್ತರ ಸರಿಯಾಗಿ ಕಲಿತು, ಆಮೇಲೆ ಬೇಕಾದಷ್ಟನ್ನು ಕೆಡಿಸುತ್ತಿದ್ದರಂತೆ. ನನಗೆ ನಗಬೇಕೋ ಬೆತ್ತ ಹುಡುಕಬೇಕೋ ತಿಳಿಯಲಿಲ್ಲ. ನಲ್ಲಿ ನೀರು, ಹುಣ್ಣಿಮೆ, ಶೇಂಗಾ ಚಟ್ನಿ ಎಲ್ಲವೂ ಕಣ್ಣ ಮುಂದೆ ಹಾದುಹೋದವು. ಕುಸಿದ ಆ ಒಂದು ತೆನೆಯ ವಿಷಯ ಕೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಬಾಗಿಲಿಗೆ ಜೀಪು ಬಂತು.

ಸಾಹೇಬರು ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಅವರ ಬೆನ್ನ ಹಿಂದೆ ಮುರಿಗೆಪ್ಪನವರು ಉಡದಾರದ ಕೀಲಿಕೈ ಹಿಡಿದುಕೊಂಡು ಸಣ್ಣ ದನಿಯಲ್ಲಿ ಶಿವಶಿವ ಎನ್ನುತ್ತಿದ್ದರು. ಬಚ್ಚಿಟ್ಟು ಏನು ಪ್ರಯೋಜನ ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ: ಇಲ್ಲಿಯವರೆಗಿನ ಗೆರೆ ಅಂಕದ್ದು, ಇಲ್ಲಿಂದ ಮುಂದಿನದು ಸೆರಗಿನದು. ಸಾಹೇಬರು ನಂಬಲಿಲ್ಲ. ನೂಲು ಬಹಳ ಇಳಿದಿದ್ದ ಪಾಠಗಳನ್ನೇ ಆರಿಸಿ ಮಕ್ಕಳಿಗೆ ಪ್ರಶ್ನೆ ಕೇಳಿದರು. ಕೇಳಿದ್ದಕ್ಕೆಲ್ಲ ಉತ್ತರ ಬಂತು, ಕೇಳದ್ದಕ್ಕೂ ಬಂತು. ಹಿಮದಲ್ಲಿ ಕರಡಿ ಹೇಗೆ ಇರುತ್ತದೆ ಎಂದು ಹೇಳುವಾಗ ಒಬ್ಬ ನಡುಗಿಯೂ ತೋರಿಸಿದ. ಸಾಹೇಬರ ಗಂಟುಮುಖ ಸ್ವಲ್ಪ ಸಡಿಲಾಯಿತು. ಆದರೆ ಕಸಬುದಾರ ಮನುಷ್ಯ. ಅವರ ಬೆರಳು ನೇರವಾಗಿ ಹೋಗಿ ಆ ಕುಸಿದ ತೆನೆಯ ಮೇಲೆ ನಿಂತಿತು. ಸಮುದ್ರದ ಉಬ್ಬರವಿಳಿತದ ಪಾಠ. ಅದರ ಮೇಲೆ ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಇದೂ ಸೆರಗೋ ಎಂದು ಸಾಹೇಬರು ಕೇಳಿದರು. ಸೆಲ್ಲಿನ ದೋಷ ಎಂದು ನಾನು ಹೇಳುವಷ್ಟರಲ್ಲಿ ಮಾದೇವಿ ತಲೆ ತಗ್ಗಿಸಿ ಎದ್ದು ನಿಂತಿದ್ದಳು.

“ಅದೊಂದು ಖರೇನ ತಿಳೀಲಿಲ್ರಿ. ಅವತ್ತ ರೇಡಿಯೋ ಹಚ್ಚಿರಲಿಲ್ಲರಿ,” ಎಂದಳು. ಆಮೇಲೆ ನನ್ನ ಕಡೆ ನೋಡದೆ, “ಅವತ್ತ ಸರ್ ಪಾಠಾ ಹೇಳಿದ್ರರಿ,” ಎಂದಳು.

ಕಿಟಕಿಯ ಆಚೆಯ ಮಗ್ಗ ಆಗಲೇ ನಿಲ್ಲಬೇಕೇ? ನನಗೆ ಆ ದಿನ ಚೆನ್ನಾಗಿ ನೆನಪಿಗೆ ಬಂತು. ಹಿಂದಿನ ಸಂಜೆ ಮುರಿಗೆಪ್ಪನವರು ಧಾರಣಿಯಿಂದ ನಾಟಕದವರೆಗೂ ಕೇಳಿ ಸೆಲ್ಲು ಖಾಲಿ ಮಾಡಿದ್ದರು. ಅದಕ್ಕೇನಂತೆ, ಯಂತ್ರ ಹೇಳುವುದನ್ನು ಮನುಷ್ಯ ಹೇಳಲಾರನೇ ಎಂದು ನಾನೇ ಪಾಠಕ್ಕೆ ನಿಂತಿದ್ದೆ. ನಾನು ಹುಟ್ಟಿದ್ದು ಅನಗವಾಡಿಯಲ್ಲಿ. ಊರ ಹೊಳೆಯಲ್ಲಿ ಈಜಿದ್ದೇನೆ, ಸಮುದ್ರ ಕಂಡವನಲ್ಲ. ಚಂದ್ರ ನೀರನ್ನು ಎಳೆಯುತ್ತಾನೆ ಎಂದು ಕೈ ಎತ್ತಿ ಎತ್ತಿ ವರ್ಣಿಸಿದೆ. ಹಾಗಿದ್ದರೆ ನಮ್ಮ ಬಾವಿಯ ನೀರನ್ನು ಯಾಕೆ ಎಳೆಯುವುದಿಲ್ಲ, ಅವ್ವನ ಹಗ್ಗದ ಕೆಲಸ ತಪ್ಪುತ್ತಿತ್ತು ಎಂದು ಒಬ್ಬ ಕೇಳಿದ್ದಕ್ಕೆ, ಬಾವಿಗೆ ಗೋಡೆ ಇದೆ ಎಂದು ಹೇಳಿ ಕೂರಿಸಿದ್ದೆ. ಅಂದು ಚೀಟಿಗಳನ್ನು ನೋಡಿ, ಸತ್ತ ಸೆಲ್ಲಿನ ಪ್ರಭಾವ ಎಷ್ಟಿದೆ ನೋಡಿ ಎಂದು ಮುರಿಗೆಪ್ಪನವರ ಮೇಲೆಯೇ ಹರಿಹಾಯ್ದಿದ್ದೆ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಹೊಟ್ಟೆ ಸಣ್ಣಗೆ ಅಲುಗುತ್ತಿದ್ದುದನ್ನು ನಾನು ನೋಡಿದೆ, ನೋಡಲಿಲ್ಲ ಎನ್ನಲಾರೆ.

“ನೋಡ್ರಿ ಮಾಸ್ತರ, ನಿಮ್ಮ ಹಲಿಗಿ ಮ್ಯಾಲ ಇದೊಂದ ತೆನಿ ನನಗ ಬೇಕಾಗಿತ್ತು. ರೇಡಿಯೋ ಇದ್ದಾಗ ಹುಡುಗ್ರು ಬ್ಯಾಡಂದ್ರೂ ಕಲ್ತಾರ, ಇಲ್ಲದಾಗ ಬೇಕಂದ್ರೂ ಕಲ್ತಿಲ್ಲ. ಇದಕ್ಕಿಂತ ದೊಡ್ಡ ಆಧಾರ ಯಾರ್ ಕೊಡ್ತಾರ? ಪೆಟ್ಟಿಗಿ ಇಲ್ಲೇ ಇರಲಿ,” ಎಂದರು.

ಮಕ್ಕಳು ಕೂಗಿದ ಕೂಗಿಗೆ ಹಂಚಿನ ಮೇಲಿನ ಗುಬ್ಬಿಗಳು ಎದ್ದುಹೋದವು. ಮುರಿಗೆಪ್ಪನವರು ನನ್ನ ಕೈ ಹಿಡಿದು, ನೀವು ಅವತ್ತು ಹಾಗೆ ಪಾಠ ಮಾಡದೇ ಇದ್ದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಕಣ್ಣೀರು ತಂದುಕೊಂಡರು. ಅವರ ಮಾತಿನಲ್ಲಿ ಲವಲೇಶವೂ ಕುಹಕ ಇರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. ಸಾಹೇಬರು ಜೀಪು ಹತ್ತುವಾಗ ನನ್ನ ವರದಿಯಲ್ಲಿನ ಶೇಂಗಾ ಚಟ್ನಿಯ ಪುಟವನ್ನು ಮಾತ್ರ ಮೆಲ್ಲಗೆ ನನ್ನ ಕೈಗೆ ಮರಳಿಸಿ, ಇದನ್ನು ಮೇಲಿನವರಿಗೆ ಕಳಿಸುವುದು ಬೇಡ ಎಂದರು. ಮರುವರ್ಷ ಉಬ್ಬರವಿಳಿತದ ಪಾಠ ಮತ್ತೆ ಬಂದಾಗ ಹೊಸ ಸೆಲ್ಲು ಹಾಕಿಸಿ, ಮಕ್ಕಳ ಸಾಲಿನಲ್ಲಿ ನಾನೂ ಕುಳಿತು ಕೇಳಿದೆ. ಬಾವಿಯ ನೀರಿನ ವಿಷಯದಲ್ಲಿ ಗೋಡೆಯದೇನೂ ತಪ್ಪಿಲ್ಲ ಎಂದು ಆಗ ಗೊತ್ತಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ದೀಪಾವಳಿಗೆ ಸೀರೆ ನೇಯಿಸಲು ಸುಶೀಲೆ ಮಾದೇವಿಯ ಅಪ್ಪನ ಮಗ್ಗಕ್ಕೆ ಹೋದಳು. ಹೋಗುವಾಗ ಶಾಲೆಯ ಆ ಹಲಗೆಯನ್ನು ಮಾದೇವಿಯಿಂದಲೇ ಹೊರಿಸಿಕೊಂಡು ಹೋಗಿ, ಸೆರಗಿಗೆ ಇದೇ ತೆನಿ ಹಾಕಿಕೊಡಿ ಎಂದಳು. ಅವನು ಪಾಪ, ಕಸುಬಿನ ಮೇಲೆ ಜೀವ ಇಟ್ಟ ಮನುಷ್ಯ. ಈ ಒಂದು ಕಡೆ ಬಿದ್ದಿದೆ, ಸರಿ ಮಾಡಿ ನೇಯುತ್ತೇನೆ ಎಂದು ಎಷ್ಟು ಹೇಳಿದರೂ ಇವಳು ಕೇಳಲಿಲ್ಲ. ಅದಕ್ಕಾಗಿಯೇ ಹಲಗೆ ಹೊರಿಸಿಕೊಂಡು ಬಂದಿದ್ದೇನೆ ಎಂದಳಂತೆ.

ಮುಧೋಳದಲ್ಲಿ ಅವಳ ತವರಿನವರ ಮದುವೆ ಎಂದರೆ ಈಗಲೂ ಅವಳು ಉಡುವುದು ಅದೇ ಸೀರೆ. ಹೆಂಗಸರು ಸೆರಗು ಹಿಡಿದು ಕೊಂಡಾಡುತ್ತಾರೆ. ಅವರಲ್ಲಿ ಒಬ್ಬ ಮುದುಕಿಯಾದರೂ, ಇಷ್ಟು ಛಂದ ಸೆರಗಿನಲ್ಲಿ ಇದೊಂದು ತೆನಿ ಯಾಕೆ ಬಿದ್ದಿದೆಯವ್ವ ಎಂದು ಕೇಳಿಯೇ ಕೇಳುತ್ತಾಳೆ. ಆಗ ಸುಶೀಲೆ ಪಂಕ್ತಿಯಲ್ಲಿ ಊಟಕ್ಕೆ ಕುಳಿತ ನನ್ನ ಕಡೆಗೊಮ್ಮೆ ನೋಡುತ್ತಾಳೆ.

“ಅದಾ? ಅಲ್ಲೆ ನಮ್ಮವರು ಸ್ವತಃ ಪಾಠಾ ಹೇಳ್ಯಾರ್ರಿ,” ಎನ್ನುತ್ತಾಳೆ.

ನಾನು ಎಲೆಯ ಮೇಲಿನ ಹೋಳಿಗೆಯನ್ನು ತಿರುಗಿಸಿ, ಅದು ಎಲ್ಲ ಕಡೆಗೂ ಸಮನಾಗಿ ಗುಂಡಗಿದೆಯೋ ಇಲ್ಲವೋ ಎಂದು ನೋಡತೊಡಗುತ್ತೇನೆ.